ಶಿಕಾಗೊ–ಸೇಂಟ್ ಲೂಯಿಸ್ ಲಿಂಕನ್ ಸರ್ವಿಸ್: ಹಳೆಯ ಮಾರ್ಗದ ಹೊಸ ವೇಗ ಎಷ್ಟು ಸಾರ್ಥಕ?

ಶಿಕಾಗೊದ ಯೂನಿಯನ್ ಸ್ಟೇಷನ್‌ನಿಂದ ಸೇಂಟ್ ಲೂಯಿಸ್‌ಗೆ ರೈಲಿನಲ್ಲಿ 284 ಮೈಲಿ, ಅಂದರೆ ಸುಮಾರು 457 ಕಿಲೋಮೀಟರ್ ದೂರ. ಇಲಿನಾಯ್ ರಾಜ್ಯದ ಧನಸಹಾಯದಿಂದ ಅಮೆರಿಕದ ರಾಷ್ಟ್ರೀಯ ಪ್ರಯಾಣಿಕ ರೈಲು ಸಂಸ್ಥೆ ಆಮ್‌ಟ್ರಾಕ್ ನಡೆಸುವ ಲಿಂಕನ್ ಸರ್ವಿಸ್ ಈ ದೂರವನ್ನು ವೇಳಾಪಟ್ಟಿಯ ಪ್ರಕಾರ ಈಗ ಸುಮಾರು ನಾಲ್ಕೂ ಮುಕ್ಕಾಲು ಗಂಟೆಯಲ್ಲಿ ಕ್ರಮಿಸುತ್ತದೆ. ದಶಕಗಳ ಕಾಲ ಗಂಟೆಗೆ 79 ಮೈಲಿಯ ಮಿತಿಯಲ್ಲಿ ಓಡುತ್ತಿದ್ದ ಈ ರೈಲುಗಳು 2022ರಲ್ಲಿ 90 ಮೈಲಿಗೆ ಏರಿದವು. 2023ರ ಜೂನ್ 26ರಂದು ಜಾರಿಗೆ ಬಂದ ವೇಳಾಪಟ್ಟಿಯೊಂದಿಗೆ ದಾರಿಯ ಬಹುಭಾಗದಲ್ಲಿ 110 ಮೈಲಿ, ಅಂದರೆ 177 ಕಿಲೋಮೀಟರ್ ವೇಗವನ್ನು ಮುಟ್ಟಿದವು. ಹೊಸ ಮಾರ್ಗ ಹಾಕದೆ ಇದ್ದ ಮಾರ್ಗವನ್ನೇ ಬಲಪಡಿಸಿ ಎರಡು ಮಹಾನಗರಗಳ ನಡುವಿನ ಪ್ರಯಾಣವನ್ನು ಸುಧಾರಿಸುವ ಈ ಕಾಮಗಾರಿಗೆ ತಗುಲಿದ ವೆಚ್ಚ 196 ಕೋಟಿ ಡಾಲರ್. ಅದರಲ್ಲಿ 166 ಕೋಟಿ ಫೆಡರಲ್ ಸರ್ಕಾರದ ಹಣ, ಮಿಕ್ಕದ್ದು ರಾಜ್ಯದ್ದು ಮತ್ತು ಇತರ ಮೂಲಗಳದ್ದು.

ಇಷ್ಟೆಲ್ಲ ಖರ್ಚು ಮಾಡಿ ಉಳಿದದ್ದು ಸುಮಾರು ಅರ್ಧ ಗಂಟೆ ಎಂದು ತಿಳಿದಾಗ ಹುಬ್ಬೇರಿಸುವವರೇ ಹೆಚ್ಚು. ಹುಬ್ಬೇರಿಸುವುದು ತಪ್ಪಲ್ಲ, ಆದರೆ ಪ್ರಶ್ನೆಯನ್ನು ಸರಿಯಾದ ಜಾಗದಲ್ಲಿ ಕೇಳಬೇಕು. ಜೋಲಿಯೆಟ್‌ನಿಂದ ಆಲ್ಟನ್‌ವರೆಗಿನ ನಡುಭಾಗದಲ್ಲಿ ಆಗಿರುವ ಕೆಲಸ ನಿಜಕ್ಕೂ ಅಚ್ಚುಕಟ್ಟಾಗಿದೆ, ಅಲ್ಲಿ ದೂರುವುದಕ್ಕೆ ಹೆಚ್ಚೇನೂ ಇಲ್ಲ. ಈ ಸೇವೆಯ ಗುಣದೋಷಗಳನ್ನು ನಿರ್ಧರಿಸುತ್ತಿರುವುದು ರೈಲು ಅತಿ ವೇಗವಾಗಿ ಓಡುವ ಮೈಲಿಗಳಲ್ಲ, ಅದು ತೆವಳುವ ಮೈಲಿಗಳು. ಆ ಮೈಲಿಗಳು ಎರಡು ತುದಿಗಳಲ್ಲಿವೆ, ಮತ್ತು ಹಣದ ಬಹುಪಾಲು ಹರಿದದ್ದು ಬೇರೆ ಕಡೆಗೆ.

ಮಾರ್ಗದ ಪೂರ್ವೇತಿಹಾಸವನ್ನು ಸ್ವಲ್ಪ ತಿಳಿದಿದ್ದರೆ ಇದು ಏಕೆ ಹೀಗಾಯಿತು ಎನ್ನುವುದು ಅರ್ಥವಾಗುತ್ತದೆ. ಇದು ಹತ್ತೊಂಬತ್ತನೆಯ ಶತಮಾನದ ಶಿಕಾಗೊ ಆಂಡ್ ಆಲ್ಟನ್ ಕಂಪನಿಯ ಹಾದಿ. ಜಾರ್ಜ್ ಪುಲ್‌ಮನ್ ಮಾಮೂಲಿ ಬೋಗಿಗಳನ್ನು ಮಲಗುವ ಬೋಗಿಗಳಾಗಿ ಮಾರ್ಪಡಿಸಿ 1859ರಲ್ಲಿ ಮೊದಲು ಓಡಿಸಿದ್ದು ಇದೇ ಕಂಪನಿಯ ಹಳಿಗಳ ಮೇಲೆ, ಬ್ಲೂಮಿಂಗ್ಟನ್‌ನಿಂದ. 1865ರ ಮೇ ತಿಂಗಳಲ್ಲಿ ಅಬ್ರಹಾಂ ಲಿಂಕನ್‌ರ ಪಾರ್ಥಿವ ಶರೀರವನ್ನು ಹೊತ್ತ ರೈಲು ಶಿಕಾಗೊದಿಂದ ಸ್ಪ್ರಿಂಗ್‌ಫೀಲ್ಡ್‌ಗೆ ಬಂದದ್ದೂ ಈ ದಾರಿಯಲ್ಲೇ. ಆಮೇಲೆ ಮಾರ್ಗ ಕೈಯಿಂದ ಕೈಗೆ ಬದಲಾಯಿತು: ಗಲ್ಫ್, ಮೊಬೈಲ್ ಆಂಡ್ ಒಹಾಯೊ, ನಂತರ ಇಲಿನಾಯ್ ಸೆಂಟ್ರಲ್ ಗಲ್ಫ್, 1987ರಲ್ಲಿ ಇದನ್ನು ಕೊಂಡು ಮರುವರ್ಷವೇ ದಿವಾಳಿಯೆದ್ದ ಇನ್ನೊಂದು ಸಣ್ಣ ಕಂಪನಿ, ಬಳಿಕ ಸದರ್ನ್ ಪೆಸಿಫಿಕ್, ಕೊನೆಗೆ 1996ರಲ್ಲಿ ಗೂಡ್ಸ್ ರೈಲು ಕಂಪನಿ ಯೂನಿಯನ್ ಪೆಸಿಫಿಕ್. ದಿವಾಳಿಯಾದ ಕಂಪನಿಯ ಕೈಯಲ್ಲಿ ಹಳಿ ಯಾವ ಸ್ಥಿತಿಗೆ ಬರುತ್ತದೆಂದು ಬೇರೆ ಹೇಳಬೇಕಿಲ್ಲ. ಇಂದು ಜೋಲಿಯೆಟ್‌ನ ದಕ್ಷಿಣಕ್ಕೆ ಹಳಿಯ ಒಡೆತನ ಯೂನಿಯನ್ ಪೆಸಿಫಿಕ್‌ನದು. ಶಿಕಾಗೊ ಮತ್ತು ಜೋಲಿಯೆಟ್ ನಡುವಿನ 37 ಮೈಲಿಯ ಹೆಚ್ಚಿನ ಭಾಗ ಕೆನೇಡಿಯನ್ ನ್ಯಾಷನಲ್‌ನದು. ಮಿಸಿಸಿಪಿ ನದಿಯ ಆಸುಪಾಸು ಸೇಂಟ್ ಲೂಯಿಸ್‌ನ ಟರ್ಮಿನಲ್ ರೈಲ್‌ರೋಡ್‌ನದು. ಪ್ರಯಾಣಿಕರ ರೈಲು ಓಡಿಸುವ ಆಮ್‌ಟ್ರಾಕ್‌ಗಾಗಲಿ, ಹಣ ಕೊಡುವ ರಾಜ್ಯಕ್ಕಾಗಲಿ ನಡುದಾರಿಯ ಹಳಿಯ ಮೇಲೆ ಒಡೆತನವಿಲ್ಲ ಎಂಬುದನ್ನು ಈ ವಿಮರ್ಶೆಯುದ್ದಕ್ಕೂ ನೆನಪಿಟ್ಟುಕೊಳ್ಳಬೇಕು.

ವೇಗದ ಅಂಕಿಗಳ ಬಗ್ಗೆಯೂ ಒಂದು ಮಾತು ಅಗತ್ಯ, ಏಕೆಂದರೆ 79, 90, 110 ಎಂಬ ಸಂಖ್ಯೆಗಳು ಎಂಜಿನ್‌ನ ಶಕ್ತಿಯಿಂದ ಬಂದವಲ್ಲ, ಕಾನೂನಿನಿಂದ ಬಂದವು. 1946ರ ಏಪ್ರಿಲ್ 25ರಂದು ಶಿಕಾಗೊ ಹೊರವಲಯದ ನೇಪರ್‌ವಿಲ್‌ನಲ್ಲಿ ನಿಂತಿದ್ದ ಪ್ರಯಾಣಿಕರ ರೈಲಿಗೆ ಹಿಂದಿನಿಂದ ಬಂದ ಇನ್ನೊಂದು ರೈಲು ಅಪ್ಪಳಿಸಿ 45 ಜನ ಸತ್ತರು. ಅದರ ಬೆನ್ನಲ್ಲೇ 1947ರಲ್ಲಿ ಅಂತರರಾಜ್ಯ ವಾಣಿಜ್ಯ ಆಯೋಗ ಹೊರಡಿಸಿದ ಆದೇಶದ ಪ್ರಕಾರ 80 ಮೈಲಿ ಅಥವಾ ಅದಕ್ಕೂ ಹೆಚ್ಚಿನ ವೇಗದಲ್ಲಿ ರೈಲು ಓಡಬೇಕಾದರೆ ಚಾಲಕನ ಕ್ಯಾಬಿನೊಳಗೇ ಸಿಗ್ನಲ್ ತೋರಿಸುವ ಅಥವಾ ಸ್ವಯಂಚಾಲಿತವಾಗಿ ರೈಲನ್ನು ನಿಲ್ಲಿಸುವ ವ್ಯವಸ್ಥೆ ಬೇಕು. ಆ ಖರ್ಚನ್ನು ಹೊರಲು ಒಪ್ಪದ ಕಂಪನಿಗಳು ವೇಗವನ್ನು 79ಕ್ಕೆ ಇಳಿಸಿ ಕೈತೊಳೆದುಕೊಂಡವು, ದೇಶದ ಹೆಚ್ಚಿನ ಪ್ರಯಾಣಿಕ ರೈಲುಗಳು ಇಂದಿಗೂ ಆ ಮಿತಿಯಲ್ಲೇ ಓಡುತ್ತಿವೆ. ಹಳಿಯ ಗುಣಮಟ್ಟದ ವರ್ಗೀಕರಣದಲ್ಲಿ ಐದನೆಯ ದರ್ಜೆಗೆ 90 ಮೈಲಿ, ಆರನೆಯ ದರ್ಜೆಗೆ 110 ಮೈಲಿ ಎಂಬ ಮಿತಿಯಿದೆ. 110ನ್ನು ದಾಟಿದರೆ ರಸ್ತೆ ಹಳಿಯನ್ನು ಅಡ್ಡಹಾಯುವ ಪ್ರತಿ ಲೆವೆಲ್ ಕ್ರಾಸಿಂಗಿನಲ್ಲೂ ವಾಹನ ನುಗ್ಗದಂತೆ ತಡೆಯುವ ವಿಶೇಷ ಅಡ್ಡಗಟ್ಟೆಗೆ ಫೆಡರಲ್ ಒಪ್ಪಿಗೆ ಬೇಕು. 125ರ ಆಚೆಗೆ ಲೆವೆಲ್ ಕ್ರಾಸಿಂಗುಗಳೇ ಇರಕೂಡದು. ಬಯಲುಸೀಮೆಯ ಹೊಲಗಳ ನಡುವೆ ಮೈಲಿಗೊಂದರಂತೆ ರಸ್ತೆಗಳು ಹಳಿ ದಾಟುವ ಇಲಿನಾಯ್‌ನಲ್ಲಿ 110 ಎಂಬ ಅಂಕಿ ಆಯ್ಕೆಯಾದದ್ದು ಈ ಲೆಕ್ಕಾಚಾರದಿಂದ, ಮತ್ತು ಅದು ವಿವೇಕದ ಆಯ್ಕೆಯೇ ಆಗಿತ್ತು ಎಂದು ನನಗೆ ಅನಿಸುತ್ತದೆ. ಇದಕ್ಕೆ "ಹೈ ಸ್ಪೀಡ್ ರೈಲು" ಎಂದು ಹೆಸರಿಟ್ಟು ಪ್ರಚಾರ ಮಾಡಿದ್ದು ಮಾತ್ರ ಅತಿಯಾಯಿತು. ಆ ಹೆಸರು ಕೇಳಿ ಬಂದವರಿಗೆ ನಿರಾಶೆ ಖಂಡಿತ.

ಹಣ ಬಂದದ್ದು 2009ರ ಆರ್ಥಿಕ ಚೇತರಿಕೆ ಕಾಯಿದೆಯಿಂದ. ಆ ಕಾಯಿದೆಯಲ್ಲಿ ಅತಿವೇಗದ ಮತ್ತು ನಗರಾಂತರ ರೈಲುಗಳಿಗೆಂದು 800 ಕೋಟಿ ಡಾಲರ್ ಎತ್ತಿಡಲಾಗಿತ್ತು. ವಿಸ್ಕಾನ್ಸಿನ್, ಒಹಾಯೊ ಮತ್ತು ಫ್ಲಾರಿಡಾ ರಾಜ್ಯಗಳ ಅಂದಿನ ರಾಜ್ಯಪಾಲರು ತಮ್ಮ ಪಾಲನ್ನು ಬೇಡವೆಂದು ಬಿಟ್ಟುಕೊಟ್ಟರೆ, ಇಲಿನಾಯ್ ಎರಡೂ ಕೈಚಾಚಿ ತೆಗೆದುಕೊಂಡಿತು. 2010ರ ಆರಂಭದಲ್ಲಿ ಈ ಮಾರ್ಗಕ್ಕೆ 110 ಕೋಟಿಗೂ ಹೆಚ್ಚು ಮಂಜೂರಾಯಿತು. 2017ರ ಸೆಪ್ಟೆಂಬರ್ 30ರೊಳಗೆ ಖರ್ಚಾಗದ ಹಣ ವಾಪಸು ಹೋಗುತ್ತದೆಂಬ ಗಡುವು ಇದ್ದುದರಿಂದ ಎಲ್ಲಿ ಬೇಗ ಕೆಲಸ ಮುಗಿಸಬಹುದೋ ಅಲ್ಲಿಗೆ, ಅಂದರೆ ಒಬ್ಬನೇ ಮಾಲೀಕನಿರುವ, ಊರುಗಳು ವಿರಳವಾಗಿರುವ, ನೇರವಾಗಿ ಚಾಚಿದ ನಡುಭಾಗಕ್ಕೆ ಹಣ ಮೊದಲು ಹೋಯಿತು. ಹತ್ತಾರು ಕಂಪನಿಗಳ ಹಳಿಗಳು ಒಂದನ್ನೊಂದು ಅಡ್ಡಹಾಯುವ ಶಿಕಾಗೊ ನಗರದೊಳಗಿನ ಗೋಜಲನ್ನು ಬಿಡಿಸಲು ಆ ಗಡುವಿನಲ್ಲಿ ಸಾಧ್ಯವಿರಲಿಲ್ಲ. ಸುಲಭದ್ದು ಮೊದಲು, ಕಷ್ಟದ್ದು ಆಮೇಲೆ ಎಂಬ ಕ್ರಮ ಸರ್ಕಾರಿ ಅನುದಾನದ ಸ್ವಭಾವದಲ್ಲೇ ಇದೆ.

ನಡುಭಾಗದಲ್ಲಿ ಏನಾಗಿದೆ ಎಂಬುದನ್ನು ಹತ್ತಿರದಿಂದ ನೋಡಬೇಕೆಂದರೆ ಪಾಂಟಿಯಾಕ್ ಅಥವಾ ಡ್ವೈಟ್ ಬಳಿಯ ಯಾವುದಾದರೂ ಲೆವೆಲ್ ಕ್ರಾಸಿಂಗಿನ ಹತ್ತಿರ ಹತ್ತು ನಿಮಿಷ ನಿಂತರೆ ಸಾಕು. ಹಿಂದಿನ ಗೇಟಿನಲ್ಲಿ ಎರಡು ತೋಳುಗಳಿದ್ದವು, ರಸ್ತೆಯ ಒಂದೊಂದು ಬದಿಗೆ ಒಂದು. ಅವಸರದ ಚಾಲಕರು ಎದುರು ಬದಿಯ ಖಾಲಿ ಜಾಗದಿಂದ ಹಾವಿನಂತೆ ಬಳುಕಿ ನುಸುಳುವುದಕ್ಕೆ ಅವಕಾಶವಿತ್ತು. ಈಗ ನಾಲ್ಕು ತೋಳುಗಳಿವೆ. ಗಂಟೆ ಬಾರಿಸಿ ಕೆಂಪು ದೀಪ ಮಿನುಗತೊಡಗಿದ ಮೇಲೆ ಮೊದಲು ರಸ್ತೆ ಹಳಿಯನ್ನು ಪ್ರವೇಶಿಸುವ ಕಡೆಯ ಎರಡು ತೋಳುಗಳು ಇಳಿಯುತ್ತವೆ. ಹೊರಹೋಗುವ ಕಡೆಯ ಎರಡು ಸ್ವಲ್ಪ ತಡವಾಗಿ ಇಳಿಯುತ್ತವೆ, ಹಳಿಯ ಮೇಲಿರುವ ಕಾರು ಆಚೆಗೆ ಹೋಗಿಬಿಡಲಿ ಎಂದು. ಡಾಂಬರಿನಡಿಯಲ್ಲಿ ತಂತಿಯ ಸುರುಳಿಗಳನ್ನು ಹೂತಿದ್ದಾರೆ. ಹಳಿಗಳ ನಡುವೆ ವಾಹನವೊಂದು ನಿಂತಿದ್ದರೆ ಅವು ಅದನ್ನು ಗುರುತಿಸುತ್ತವೆ, ಹೊರಹೋಗುವ ತೋಳು ಇಳಿಯದೆ ದಾರಿ ಬಿಟ್ಟುಕೊಡುತ್ತದೆ. 110 ಮೈಲಿ ವೇಗದ ರೈಲು ಸೆಕೆಂಡಿಗೆ ಸುಮಾರು 49 ಮೀಟರ್ ಸಾಗುತ್ತದೆ, ಬ್ರೇಕ್ ಹಾಕಿದರೂ ನಿಲ್ಲುವುದಕ್ಕೆ ಒಂದು ಮೈಲಿಗೂ ಹೆಚ್ಚು ದೂರ ಬೇಕು. ಆದ್ದರಿಂದ ರೈಲು ಕಣ್ಣಿಗೆ ಬೀಳುವ ಎಷ್ಟೋ ಮುಂಚೆಯೇ ಗೇಟಿನ ಕೆಲಸ ಶುರುವಾಗಿರಬೇಕು. ತೋಳುಗಳು ಇಳಿದು ಬಯಲೆಲ್ಲ ಸುಮ್ಮನೆ ಇರುವಾಗ ಕಾಯುತ್ತಿರುವವರಿಗೆ ಗೇಟು ಕೆಟ್ಟಿದೆಯೇನೋ ಎಂಬ ಅನುಮಾನ ಬರುವುದುಂಟು. ಅಷ್ಟರಲ್ಲಿ ರೈಲು ಬಂದು ಹೋಗಿಯೇ ಬಿಟ್ಟಿರುತ್ತದೆ.

ಹಳಿಯ ಕೆಳಗಿನ ಕೆಲಸ ಕಣ್ಣಿಗೆ ಬೀಳುವುದಿಲ್ಲ, ಮೈಗೆ ಗೊತ್ತಾಗುತ್ತದೆ. ಮರದ ಸ್ಲೀಪರುಗಳನ್ನು ತೆಗೆದು ಕಾಂಕ್ರೀಟ್ ಸ್ಲೀಪರುಗಳನ್ನು ಹಾಕಿ, ಉದ್ದಕ್ಕೂ ಬೆಸೆದ ಹಳಿಗಳನ್ನು ಕೂರಿಸಿ, ಜಲ್ಲಿಯನ್ನು ಹೊಸದಾಗಿ ತುಂಬಿ ಒತ್ತಿದ್ದಾರೆ. ಸೇತುವೆ, ಮೋರಿ, ನೀರು ಹರಿಯುವ ಕಾಲುವೆಗಳನ್ನು ದುರಸ್ತಿ ಮಾಡಿದ್ದಾರೆ. ಕಾಮಗಾರಿಯ ವರ್ಷಗಳಲ್ಲಿ ಮಾರ್ಗವನ್ನು ಆಗಾಗ ದಿನಗಟ್ಟಲೆ ಮುಚ್ಚಿ ಪ್ರಯಾಣಿಕರನ್ನು ಬಸ್ಸಿನಲ್ಲಿ ಸಾಗಿಸಿದ್ದನ್ನು ಆಗ ಓಡಾಡಿದವರು ಮರೆತಿರಲಾರರು. ಬಳಕೆಯಲ್ಲಿರುವ ಹಳಿಯ ಮೇಲೆ ಕೆಲಸ ಮಾಡುವುದರ ಅನಿವಾರ್ಯ ಬೆಲೆ ಅದು. ಬ್ರಿಟನ್ನಿನ ವೆಸ್ಟ್ ಕೋಸ್ಟ್ ಮೇನ್ ಲೈನ್‌ನಲ್ಲಿಯೂ ರೈಲುಗಳನ್ನು ಓಡಿಸುತ್ತಲೇ ಮಾರ್ಗವನ್ನು ಮೇಲ್ದರ್ಜೆಗೆ ಏರಿಸಹೋಗಿ, 140 ಮೈಲಿಯ ಗುರಿಯನ್ನು 125ಕ್ಕೆ ಇಳಿಸಿ, ಖರ್ಚು ಅಂದಾಜನ್ನು ಹಲವು ಪಟ್ಟು ಮೀರಿದ ಮೇಲೆ 2008ರಲ್ಲಿ ಕೆಲಸ ಮುಗಿಸಿದರು. ಅದಕ್ಕೆ ಹೋಲಿಸಿದರೆ ಇಲಿನಾಯ್‌ನಲ್ಲಿ ಹಣದ ಲೆಕ್ಕ ಅಷ್ಟೊಂದು ಹಳಿ ತಪ್ಪಲಿಲ್ಲ. ತಪ್ಪಿದ್ದು ಕಾಲದ ಲೆಕ್ಕ. ಡ್ವೈಟ್ ಮತ್ತು ಪಾಂಟಿಯಾಕ್ ನಡುವಿನ ಸಣ್ಣ ತುಂಡಿನಲ್ಲಿ 2012ರಲ್ಲೇ 110 ಮೈಲಿ ವೇಗವನ್ನು ಗಣ್ಯರ ಸಮ್ಮುಖದಲ್ಲಿ ತೋರಿಸಲಾಗಿತ್ತು, ಆದರೆ ಇಡೀ ನಡುಭಾಗಕ್ಕೆ ಆ ವೇಗ ಬರುವಷ್ಟರಲ್ಲಿ ಹನ್ನೊಂದನೆಯ ವರ್ಷ ನಡೆಯುತ್ತಿತ್ತು. ಹಳಿ ಸಿದ್ಧವಾದ ಮೇಲೂ ವೇಗ ಏರದೆ ಉಳಿದದ್ದಕ್ಕೆ ಮುಖ್ಯ ಕಾರಣ ಪಾಸಿಟಿವ್ ಟ್ರೈನ್ ಕಂಟ್ರೋಲ್ ವ್ಯವಸ್ಥೆ. 2008ರ ಸೆಪ್ಟೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾದ ಚಾಟ್ಸ್‌ವರ್ತ್‌ನಲ್ಲಿ 25 ಜನರನ್ನು ಬಲಿ ತೆಗೆದುಕೊಂಡ ಡಿಕ್ಕಿಯ ನಂತರ ಸಂಸತ್ತು ಕಡ್ಡಾಯಗೊಳಿಸಿದ ಈ ವ್ಯವಸ್ಥೆ, ಚಾಲಕ ಸಿಗ್ನಲ್ ಗಮನಿಸದಿದ್ದರೆ ಅಥವಾ ವೇಗಮಿತಿ ಮೀರಿದರೆ ತಾನೇ ಬ್ರೇಕ್ ಹಾಕುತ್ತದೆ. ಅದನ್ನು ಈ ವೇಗಕ್ಕೆ ಹೊಂದಿಸಿ, ಗೇಟುಗಳೊಂದಿಗೆ ತಾಳೆ ಹಾಕಿ, ಪರೀಕ್ಷಿಸಿ, ಒಪ್ಪಿಗೆ ಪಡೆಯುವುದಕ್ಕೆ ವರ್ಷಗಳೇ ಹಿಡಿದವು.

ರೈಲಿನೊಳಗಿನ ಅನುಭವಕ್ಕೆ ಬಂದರೆ, ಹಿಂದಿನ ಬೋಗಿಗಳನ್ನು ಬಲ್ಲವರಿಗೆ ವ್ಯತ್ಯಾಸ ಎದ್ದು ಕಾಣುತ್ತದೆ. ಸೀಮೆನ್ಸ್ ಕಂಪನಿ ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊದಲ್ಲಿ ತಯಾರಿಸಿದ ಚಾರ್ಜರ್ ಡೀಸೆಲ್ ಎಂಜಿನ್‌ಗಳು 2017ರಿಂದ, ಅದೇ ಕಾರ್ಖಾನೆಯ ವೆಂಚರ್ ಬೋಗಿಗಳು 2022ರಿಂದ ಮಧ್ಯಪಶ್ಚಿಮದ ಮಾರ್ಗಗಳಿಗೆ ಬಂದವು. ಅಗಲ ಕಿಟಕಿ, ಸೀಟಿಗೊಂದು ವಿದ್ಯುತ್ ಪ್ಲಗ್ಗು, ಕೈ ತಾಗಿಸದೆ ಬಳಸಬಹುದಾದ ಶೌಚಾಲಯ, ಹತ್ತಿರ ಹೋದೊಡನೆ ಸರಿಯುವ ಬಾಗಿಲು, ಎಲ್ಲವೂ ಇವೆ. ಸೀಟಿನ ದಿಂಬು ಹಳೆಯ ಬೋಗಿಗಳದರಷ್ಟು ಮೆತ್ತಗಿಲ್ಲ, ಎರಡು ಗಂಟೆಯ ಪ್ರಯಾಣಕ್ಕೆ ಅಡ್ಡಿಯಿಲ್ಲ, ಐದು ಗಂಟೆ ಕೂರುವವರಿಗೆ ಬೆನ್ನು ಅದನ್ನು ನೆನಪಿಸುತ್ತದೆ. 110 ಮೈಲಿಯಲ್ಲಿ ಬೋಗಿ ಕುಲುಕಾಡುವುದಿಲ್ಲ. ವೇಗದ ಅರಿವು ಬರುವುದು ಪಕ್ಕದಲ್ಲೇ ಬಹುದೂರ ಜೊತೆಗೆ ಬರುವ ಹಳೆಯ ರೂಟ್ 66 ಮತ್ತು 55ನೇ ಹೆದ್ದಾರಿಯ ಕಾರುಗಳು ಹಿಂದೆ ಸರಿಯತೊಡಗಿದಾಗ. ಕೆಫೆ ಬೋಗಿ ಮತ್ತು ಬಿಸಿನೆಸ್ ದರ್ಜೆಯ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ, ಇರಬೇಕಾದಷ್ಟು ಇವೆ.

ಈ ಬೋಗಿಗಳು ಬಂದ ಬಗೆಯೂ ಕಾಮಗಾರಿಯ ಕಥೆಯ ಒಂದು ಭಾಗ. 2012ರಲ್ಲಿ ಇಲಿನಾಯ್, ಕ್ಯಾಲಿಫೋರ್ನಿಯಾ ಮತ್ತಿತರ ರಾಜ್ಯಗಳು ಸೇರಿ ಜಪಾನಿನ ನಿಪ್ಪಾನ್ ಶಾರ್ಯೊ ಕಂಪನಿಗೆ 130 ಎರಡಂತಸ್ತಿನ ಬೋಗಿಗಳಿಗೆ ಗುತ್ತಿಗೆ ಕೊಟ್ಟಿದ್ದವು. ಡಿಕ್ಕಿಯ ಸಂದರ್ಭದಲ್ಲಿ ಬೋಗಿಯ ಕವಚ ಎರಡೂ ತುದಿಗಳಿಂದ 8 ಲಕ್ಷ ಪೌಂಡ್ ಒತ್ತಡವನ್ನು ತಡೆಯಬೇಕೆಂಬ ಪರೀಕ್ಷೆಯಲ್ಲಿ 2015ರಲ್ಲಿ ಮಾದರಿ ಬೋಗಿ ಸೋತಿತು. ವಿನ್ಯಾಸವನ್ನು ಸರಿಪಡಿಸುವುದರೊಳಗೆ ಗಡುವು ಮೀರುವ ಹಂತಕ್ಕೆ ಬಂದು, 2017ರ ಕೊನೆಯಲ್ಲಿ ಗುತ್ತಿಗೆ ಸೀಮೆನ್ಸ್‌ಗೆ ಹೋಯಿತು, 137 ಒಂದಂತಸ್ತಿನ ಬೋಗಿಗಳೆಂದು ತೀರ್ಮಾನವಾಯಿತು. ಇಲಿನಾಯ್‌ನ ರೋಶೆಲ್‌ನಲ್ಲಿ ಇದಕ್ಕೆಂದೇ ದುಡಿಯುತ್ತಿದ್ದ ಜಪಾನಿ ಕಂಪನಿಯ ಕಾರ್ಖಾನೆ ಮುಚ್ಚಿತು. ಹಳಿಯೊಂದನ್ನೇ ಸರಿಪಡಿಸಿದರೆ ಸೇವೆ ಸರಿಯಾಗುತ್ತದೆಂದು ತಿಳಿಯುವವರು ಈ ಪ್ರಸಂಗವನ್ನು ಗಮನಿಸಬೇಕು: ಹಳಿ, ಸಿಗ್ನಲ್, ಗೇಟು, ಬೋಗಿ ನಾಲ್ಕೂ ಒಟ್ಟಿಗೆ ಬರುವವರೆಗೆ ಪ್ರಯಾಣಿಕರಿಗೆ ಏನೂ ಸಿಗುವುದಿಲ್ಲ. ಇಂದಿಗೂ ಇದೇ ಹಳಿಯಲ್ಲಿ ಓಡುವ ದೂರಪ್ರಯಾಣದ ಟೆಕ್ಸಸ್ ಈಗಲ್ ರೈಲಿನ ಎರಡಂತಸ್ತಿನ ಸೂಪರ್‌ಲೈನರ್ ಬೋಗಿಗಳಿಗೆ 100 ಮೈಲಿಯೇ ಮಿತಿ.

ಈಗ ಸಮಯದ ಲೆಕ್ಕ. 79 ಮೈಲಿ ವೇಗದಲ್ಲಿ ಒಂದು ಮೈಲಿ ಸಾಗಲು ಸುಮಾರು 46 ಸೆಕೆಂಡು ಬೇಕು, 110ರಲ್ಲಿ ಸುಮಾರು 33. ಅಂದರೆ ಮೈಲಿಗೆ ಉಳಿಯುವುದು 13 ಸೆಕೆಂಡು. ಜೋಲಿಯೆಟ್ ಮತ್ತು ಆಲ್ಟನ್ ನಡುವಿನ ಸುಮಾರು 220 ಮೈಲಿಯನ್ನು ರೈಲು ಎಲ್ಲೂ ನಿಲ್ಲದೆ, ಎಲ್ಲೂ ನಿಧಾನಿಸದೆ 110ರಲ್ಲೇ ಓಡಿದರೂ ಉಳಿತಾಯ ಮುಕ್ಕಾಲು ಗಂಟೆಯನ್ನು ಅಷ್ಟೇನೂ ಮೀರದು. ಡ್ವೈಟ್, ಪಾಂಟಿಯಾಕ್, ನಾರ್ಮಲ್, ಲಿಂಕನ್, ಸ್ಪ್ರಿಂಗ್‌ಫೀಲ್ಡ್, ಕಾರ್ಲಿನ್‌ವಿಲ್‌ಗಳಲ್ಲಿ ನಿಂತು ಹೊರಡುವುದು, ಊರೊಳಗಿನ ಮಿತಿಗಳು, ತಿರುವುಗಳು ಎಲ್ಲ ಸೇರಿ ಅದು ಅರ್ಧ ಗಂಟೆಗೆ ಇಳಿದದ್ದು ಸಹಜವೇ. ಇನ್ನೊಂದು ಲೆಕ್ಕ ನೋಡಿ: 10 ಮೈಲಿ ವೇಗದಲ್ಲಿ ತೆವಳುವ ಒಂದೇ ಒಂದು ಮೈಲಿಯನ್ನು 30 ಮೈಲಿ ವೇಗಕ್ಕೆ ತಂದರೆ ಆರು ನಿಮಿಷದ ಜಾಗದಲ್ಲಿ ಎರಡು ನಿಮಿಷ ಸಾಕು, ನಾಲ್ಕು ನಿಮಿಷ ಉಳಿಯಿತು. ಅಷ್ಟನ್ನೇ ಉಳಿಸಲು ನಡುಭಾಗದಲ್ಲಿ ಹದಿನೆಂಟು ಮೈಲಿಗೂ ಹೆಚ್ಚು ಹಳಿಯನ್ನು 79ರಿಂದ 110ಕ್ಕೆ ಏರಿಸಬೇಕು, ಅದರೊಂದಿಗೆ ಬರುವ ಗೇಟುಗಳನ್ನೆಲ್ಲ ಬದಲಿಸಬೇಕು. ಹಳೆಯ ಮಾರ್ಗವನ್ನು ಸುಧಾರಿಸಹೊರಟ ಯಾವುದೇ ಇಲಾಖೆ ಮೊದಲು ಗೋಡೆಗೆ ಅಂಟಿಸಿಕೊಳ್ಳಬೇಕಾದ ಲೆಕ್ಕ ಇದು.

ನಿಧಾನದ ಮೈಲಿಗಳು ಎಲ್ಲಿವೆ ಎಂದು ಹುಡುಕಬೇಕಾಗಿಲ್ಲ. ಶಿಕಾಗೊ–ಜೋಲಿಯೆಟ್ ನಡುವಿನ 37 ಮೈಲಿ, ಆಲ್ಟನ್–ಸೇಂಟ್ ಲೂಯಿಸ್ ನಡುವಿನ 27 ಮೈಲಿ, ಎರಡೂ ಸೇರಿ ಒಟ್ಟು ದೂರದ ಕಾಲುಭಾಗಕ್ಕೂ ಕಡಿಮೆ. ಆದರೆ ಪ್ರಯಾಣದ ಸಮಯದಲ್ಲಿ ಅವು ನುಂಗುವುದು ಸುಮಾರು ಮೂರನೆಯ ಒಂದು ಪಾಲು. ಯೂನಿಯನ್ ಸ್ಟೇಷನ್‌ನಿಂದ ಹೊರಟ ರೈಲು ನಗರದ ನೈಋತ್ಯಕ್ಕೆ ತಿರುಗಿ ಬ್ರೈಟನ್ ಪಾರ್ಕ್ ಎಂಬಲ್ಲಿ ಬೇರೆ ಕಂಪನಿಗಳ ಹಳಿಗಳನ್ನು ಒಂದೇ ಮಟ್ಟದಲ್ಲಿ ಅಡ್ಡ ದಾಟಬೇಕು. ಈ ಜಾಗ ಎಂಥದ್ದೆಂದರೆ, 2007ರವರೆಗೂ ಇಲ್ಲಿ ಬಂದ ಪ್ರತಿಯೊಂದು ರೈಲೂ ಕಡ್ಡಾಯವಾಗಿ ನಿಲ್ಲಬೇಕಿತ್ತು, ಗುಡಿಸಲಿನಂಥ ಕೋಣೆಯಲ್ಲಿ ಕೂತ ನೌಕರನೊಬ್ಬ ಕೈಯಿಂದ ಸಿಗ್ನಲ್ ತೋಳನ್ನು ಎತ್ತಿ ಬಿಟ್ಟ ಮೇಲೆ ಮುಂದೆ ಹೋಗಬೇಕಿತ್ತು. ಇಪ್ಪತ್ತೊಂದನೆಯ ಶತಮಾನದಲ್ಲಿ, ದೇಶದ ಅತಿ ದೊಡ್ಡ ರೈಲು ಸಂಗಮದೊಳಗೆ! ಅಲ್ಲಿಂದ ಮುಂದೆ ಸಮ್ಮಿಟ್ ಬಳಿ ಇನ್ನಷ್ಟು ಗೂಡ್ಸ್ ಮಾರ್ಗಗಳು ಎದುರಾಗುತ್ತವೆ. ಒಂದನ್ನೊಂದು ಅಡ್ಡಹಾಯುವ ಹಳಿಗಳನ್ನು ಮೇಲ್ಸೇತುವೆಯಿಂದ ಬೇರ್ಪಡಿಸುವುದು ಶಿಕಾಗೊದ ಕ್ರಿಯೇಟ್ ಎಂಬ ಬಹುಕಂಪನಿ ಯೋಜನೆಯ ಉದ್ದೇಶಗಳಲ್ಲಿ ಒಂದು. ಅದು ಶುರುವಾದದ್ದು 2003ರಲ್ಲಿ. ಪರ್ಯಾಯವಾಗಿ, ಜೋಲಿಯೆಟ್‌ವರೆಗೆ ಶಿಕಾಗೊದ ಉಪನಗರ ರೈಲು ಸಂಸ್ಥೆ ಮೆಟ್ರಾದ ರಾಕ್ ಐಲೆಂಡ್ ಮಾರ್ಗವನ್ನು ಬಳಸುವ ಆಲೋಚನೆಯೂ ಬಹುಕಾಲದಿಂದ ಇದೆ. ಆ ಮಾರ್ಗದಲ್ಲಿ ಸಾಮಾನು ಸಾಗಣೆಯ ಒತ್ತಡ ಕಡಿಮೆ, ಒಡೆತನವೂ ಸಾರ್ವಜನಿಕ ಸಂಸ್ಥೆಯದು. ನನ್ನನ್ನು ಕೇಳಿದರೆ ಮುಂದಿನ ಡಾಲರ್ ಖರ್ಚಾಗಬೇಕಾದ್ದು ಅಲ್ಲಿ.

ದಕ್ಷಿಣದ ತುದಿಯ ಸ್ಥಿತಿ ಇದಕ್ಕಿಂತ ಸ್ವಲ್ಪ ವಾಸಿ. ಮಿಸಿಸಿಪಿಯ ಮೇಲಿನ ಮರ್ಚೆಂಟ್ಸ್ ಸೇತುವೆ 1890ರ ಕಾಲದ್ದು. ಅದರ ಮುಖ್ಯ ಉಕ್ಕಿನ ಚೌಕಟ್ಟುಗಳನ್ನು ಬದಲಿಸಿ 2022ರಲ್ಲಿ ಹೊಸದಾಗಿ ತೆರೆದರು. ಹಿಂದೆ ಏಕಕಾಲಕ್ಕೆ ಒಂದೇ ರೈಲಿಗೆ ಜಾಗವಿದ್ದ ಕಡೆ ಈಗ ಎರಡೂ ಹಳಿಗಳನ್ನು ಬಳಸಬಹುದು. ಆದರೂ ನದಿಯ ಎರಡು ದಂಡೆಗಳಲ್ಲಿರುವ ಯಾರ್ಡುಗಳ ನಡುವೆ ರೈಲು ನಡೆಯುವ ನಡಿಗೆ ಬದಲಾಗಿಲ್ಲ. ರಾಜಧಾನಿ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಇನ್ನೊಂದು ತೊಡಕು: ಹಳಿ ಊರ ನಡುವೆ ಮೂರನೇ ಬೀದಿಯುದ್ದಕ್ಕೂ ರಸ್ತೆಯ ಮಟ್ಟದಲ್ಲೇ ಹಾದು ಹೋಗುತ್ತದೆ, ಬೀದಿಗೊಂದು ಗೇಟು. ಆ ಹಳಿಯನ್ನು ಹತ್ತನೇ ಬೀದಿಯ ಮಾರ್ಗಕ್ಕೆ ಸ್ಥಳಾಂತರಿಸಿ ರಸ್ತೆಗಳನ್ನು ಕೆಳಸೇತುವೆಗಳಾಗಿ ಮಾಡುವ ಪ್ರತ್ಯೇಕ ಕಾಮಗಾರಿಯನ್ನು ನಗರ ಕೈಗೆತ್ತಿಕೊಂಡಿದೆ.

ಒಂಟಿ ಹಳಿಯ ಸಮಸ್ಯೆಯನ್ನು ಪ್ರಯಾಣಿಕರು ಬೇರೆ ರೂಪದಲ್ಲಿ ಅನುಭವಿಸುತ್ತಾರೆ. ನಡುಭಾಗದ ಬಹುಪಾಲು ಇಂದಿಗೂ ಒಂಟಿ ಹಳಿಯೇ. ಅಲ್ಲಲ್ಲಿ ಉದ್ದನೆಯ ಲೂಪ್ ಲೈನುಗಳು, ಕೆಲವು ಕಡೆ ಎರಡನೆಯ ಹಳಿ ಬಂದಿವೆ. ಎದುರಿನಿಂದ ಬರುವ ರೈಲು ಹತ್ತು ನಿಮಿಷ ತಡವಾದರೆ ಈ ಕಡೆಯ ರೈಲೂ ಲೂಪಿನಲ್ಲಿ ಕಾಯಬೇಕು, ಅದರ ತಡ ಮುಂದಿನ ಎದುರು ರೈಲಿಗೆ ಅಂಟುತ್ತದೆ. ಸಾಮಾನು ರೈಲಿಗಿಂತ ಪ್ರಯಾಣಿಕ ರೈಲಿಗೆ ಆದ್ಯತೆ ಕೊಡಬೇಕೆಂಬ ಕಾನೂನು 1973ರಿಂದಲೂ ಇದೆ, ಆದರೆ ಯಾವ ಲೂಪಿಗೂ ಹಿಡಿಸದಷ್ಟು ಉದ್ದದ ಗೂಡ್ಸ್ ರೈಲು ಎದುರಿಗೆ ಬಂದರೆ ಕಾನೂನು ಏನು ಹೇಳಿದರೂ ಸಣ್ಣ ರೈಲೇ ಪಕ್ಕಕ್ಕೆ ಸರಿಯಬೇಕು. ಹಳಿಯ ಓರೆಯ ವಿಚಾರದಲ್ಲೂ ಇಬ್ಬರ ಅಗತ್ಯ ಬೇರೆ. ತಿರುವಿನಲ್ಲಿ ಹೊರಗಿನ ಹಳಿಯನ್ನು ಎಷ್ಟು ಎತ್ತರಿಸಿದರೆ ವೇಗದ ರೈಲಿಗೆ ಹಿತವೋ ಅಷ್ಟು ಎತ್ತರಿಸಿದರೆ, ನಿಧಾನವಾಗಿ ಸಾಗುವ ಭಾರದ ಗೂಡ್ಸ್ ರೈಲು ಒಳಹಳಿಯ ಮೇಲೆ ವಾಲಿ ಅದನ್ನು ತೇಯುತ್ತದೆ. ಈ ಮಾರ್ಗದ ಪುಣ್ಯವೆಂದರೆ ತಿರುವುಗಳು ಕಡಿಮೆ. ಒಡೆತನ ತಮ್ಮದಾದಾಗ ಇಂಥ ತೀರ್ಮಾನಗಳು ಸುಲಭವಾಗುತ್ತವೆ ಎಂಬುದಕ್ಕೆ ನೆರೆಯ ಮಿಶಿಗನ್ ಮಾರ್ಗವೇ ಸಾಕ್ಷಿ: ಇಂಡಿಯಾನಾದ ಪೋರ್ಟರ್‌ನಿಂದ ಕಲಮಜೂವರೆಗಿನ ಹಳಿ ಆಮ್‌ಟ್ರಾಕ್‌ನದೇ, ಅಲ್ಲಿ 110 ಮೈಲಿ ವೇಗ 2012ರಲ್ಲೇ ನಿತ್ಯದ ಸಂಗತಿಯಾಯಿತು, ಕಲಮಜೂವಿನಿಂದ ಡಿಯರ್‌ಬಾರ್ನ್‌ವರೆಗಿನ ಮಾರ್ಗವನ್ನು ಮಿಶಿಗನ್ ರಾಜ್ಯ ಅದೇ ವರ್ಷ ಖಾಸಗಿ ಕಂಪನಿಯಿಂದ ಕೊಂಡುಕೊಂಡಿತು.

ಹಳೆಯ ಮಾರ್ಗವನ್ನು ಸುಧಾರಿಸಿ ಎಲ್ಲಿಯವರೆಗೆ ಹೋಗಬಹುದು ಎಂಬುದಕ್ಕೆ ಜರ್ಮನಿಯ ಹ್ಯಾಂಬರ್ಗ್–ಬರ್ಲಿನ್ ಮಾರ್ಗವನ್ನು ನೋಡಬೇಕು. 286 ಕಿಲೋಮೀಟರಿನ ಆ ಹಳೆಯ ಮಾರ್ಗವನ್ನು ಮೊದಲು 160 ಕಿಲೋಮೀಟರಿಗೆ, 2004ರ ಡಿಸೆಂಬರ್‌ನಿಂದ 230 ಕಿಲೋಮೀಟರ್ ವೇಗಕ್ಕೆ ಏರಿಸಿ ಪ್ರಯಾಣವನ್ನು ಸುಮಾರು ಒಂದೂವರೆ ಗಂಟೆಗೆ ತಂದರು. ಅಲ್ಲಿ ಜೋಡಿ ಹಳಿ ಇತ್ತು, ವಿದ್ಯುದೀಕರಣವಾಗಿತ್ತು, ಲೆವೆಲ್ ಕ್ರಾಸಿಂಗುಗಳನ್ನು ಪೂರ್ತಿ ತೆಗೆದುಹಾಕಿದರು. ಸರಾಸರಿ ವೇಗ ಗಂಟೆಗೆ ಸುಮಾರು 190 ಕಿಲೋಮೀಟರ್. ಲಿಂಕನ್ ಸರ್ವಿಸ್‌ನ ಸರಾಸರಿ 60 ಮೈಲಿ, ಅಂದರೆ 96 ಕಿಲೋಮೀಟರ್. ಗರಿಷ್ಠ ವೇಗಗಳ ನಡುವಿನ ಅಂತರ 53 ಕಿಲೋಮೀಟರ್, ಸರಾಸರಿಗಳ ನಡುವಿನ ಅಂತರ ಅದರ ಹೆಚ್ಚುಕಡಿಮೆ ಎರಡರಷ್ಟು. ತುದಿಗಳಲ್ಲಿ ತೆವಳದಿರುವುದರ ಫಲ ಅದು. ಹಾಗೆಂದು ಇಲಿನಾಯ್ ಮಾಡಿದ್ದು ದುಬಾರಿಯೆಂದು ಹೇಳುವುದಕ್ಕಾಗದು. ಮೈಲಿಗೆ ಸುಮಾರು 70 ಲಕ್ಷ ಡಾಲರ್ ಬಿದ್ದಿದೆ. ಕ್ಯಾಲಿಫೋರ್ನಿಯಾದಲ್ಲಿ ಹೊಸದಾಗಿ ಹಾಕುತ್ತಿರುವ ಅತಿವೇಗದ ಮಾರ್ಗದ ಮೊದಲ 171 ಮೈಲಿಗೆ 3,000 ಕೋಟಿ ಡಾಲರಿಗೂ ಹೆಚ್ಚಿನ ಅಂದಾಜಿದೆ, ಅಂದರೆ ಮೈಲಿಗೆ ಇದರ ಇಪ್ಪತ್ತೈದು ಪಟ್ಟು.

ನಿಲ್ದಾಣಗಳ ಬಗ್ಗೆ ಮೆಚ್ಚುಗೆ ಸಲ್ಲಬೇಕು. ನಾರ್ಮಲ್‌ನಲ್ಲಿ 2012ರಲ್ಲಿ ತೆರೆದ ನಿಲ್ದಾಣ ಪಟ್ಟಣದ ಕೇಂದ್ರದಲ್ಲೇ ಇದೆ, ಅಲ್ಲಿಂದ ಇಲಿನಾಯ್ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ನಡೆದೇ ಹೋಗಬಹುದು. ಡ್ವೈಟ್, ಪಾಂಟಿಯಾಕ್, ಕಾರ್ಲಿನ್‌ವಿಲ್, ಆಲ್ಟನ್, ಜೋಲಿಯೆಟ್‌ಗಳಿಗೂ ಹೊಸ ಕಟ್ಟಡಗಳು ಬಂದಿವೆ. ಆದರೆ ಪ್ಲಾಟ್‌ಫಾರಂಗಳು ಹಳಿಯಿಂದ ಒಂದು ಗೇಣಿಗಿಂತ ಮೇಲಿಲ್ಲ, ಬೋಗಿಯ ನೆಲ ಅದಕ್ಕಿಂತ ಮೂರಡಿಗೂ ಹೆಚ್ಚು ಎತ್ತರದಲ್ಲಿದೆ. ಕಡಿದಾದ ಮೆಟ್ಟಿಲುಗಳನ್ನು ಪೆಟ್ಟಿಗೆ ಹಿಡಿದುಕೊಂಡು ಹತ್ತಬೇಕು. ಗಾಲಿಕುರ್ಚಿಯವರಿಗೆ ಲಿಫ್ಟ್ ಬೇಕು, ಸಿಬ್ಬಂದಿಯ ನೆರವು ಬೇಕು. ಎರಡು ಬಾಗಿಲುಗಳನ್ನಷ್ಟೇ ತೆರೆದು ನಲವತ್ತು ಜನರನ್ನು ಒಬ್ಬೊಬ್ಬರಾಗಿ ಹತ್ತಿಸುವಷ್ಟರಲ್ಲಿ ಹೋಗುವ ನಿಮಿಷಗಳು, ಹಳಿಯ ಮೇಲೆ ಹತ್ತಾರು ಮೈಲಿ ಶ್ರಮಪಟ್ಟು ಗಳಿಸಿದವೇ. ಸಾಮಾನು ರೈಲುಗಳು ಹಾಯುವ ಹಳಿಯ ಪಕ್ಕ ಎತ್ತರದ ಪ್ಲಾಟ್‌ಫಾರಂ ಕಟ್ಟಲು ಹಳಿಯ ಮಾಲೀಕರು ಒಪ್ಪುವುದು ಸುಲಭವಲ್ಲ ಎಂಬ ಕಾರಣವಿದೆ. ಆದರೂ ಹೊಸ ಕಟ್ಟಡದ ಮುಂದೆ ಹಳೆಯ ಎತ್ತರದ ಪ್ಲಾಟ್‌ಫಾರಂ ನೋಡುವಾಗ ಅವಕಾಶವೊಂದು ಕೈತಪ್ಪಿದಂತೆ ಕಾಣುತ್ತದೆ.

ಸೇವೆಯ ದೊಡ್ಡ ಕೊರತೆ ನನ್ನ ಮಟ್ಟಿಗೆ ವೇಗವಲ್ಲ, ಸಂಖ್ಯೆ. ದಿನಕ್ಕೆ ಹೋಗಿಬರುವ ನಾಲ್ಕು ಜೋಡಿ ಲಿಂಕನ್ ಸರ್ವಿಸ್ ರೈಲುಗಳು, ಅವುಗಳಲ್ಲಿ ಒಂದು ಕ್ಯಾನ್ಸಸ್ ಸಿಟಿಯವರೆಗೆ ಮುಂದುವರಿಯುತ್ತದೆ. ಇವುಗಳ ಜೊತೆಗೆ ಟೆಕ್ಸಸ್ ಈಗಲ್. ಒಂದು ರೈಲು ತಪ್ಪಿದರೆ ಮುಂದಿನದಕ್ಕೆ ಗಂಟೆಗಟ್ಟಲೆ ಕಾಯಬೇಕಾಗಬಹುದು, ಆಗ ಹಳಿಯ ಮೇಲೆ ಉಳಿಸಿದ ಅರ್ಧ ಗಂಟೆಗೆ ಅರ್ಥವೇ ಇರುವುದಿಲ್ಲ. ಎರಡು ಗಂಟೆಗೊಂದು ರೈಲು ಹೊರಡುವಂತಾದರೆ ಈಗಿನ ವೇಗದಲ್ಲೇ ಈ ಮಾರ್ಗ ಬೇರೆಯದೇ ಸೇವೆಯಾಗುತ್ತದೆ. ಅದಕ್ಕೆ ಬೇಕಾದ್ದು ಮತ್ತೆ ಎರಡನೆಯ ಹಳಿ, ಮತ್ತೆ ಶಿಕಾಗೊ ಪ್ರವೇಶದ ಗೋಜಲಿನ ಪರಿಹಾರ.

ತುದಿಯಿಂದ ತುದಿಗೆ ಹೋಗುವವರಿಗೆ ಇದು ಕಾರಿನೊಂದಿಗೆ ಸರಿಸಮ. ಚಕ್ರ ಹಿಡಿಯದೆ ಕೂತು ಓದಬಹುದು, ಕೆಲಸ ಮಾಡಬಹುದು ಎಂಬುದಷ್ಟೇ ಹೆಚ್ಚುಗಾರಿಕೆ. ವಿಮಾನವನ್ನು ಇದು ಸೋಲಿಸುವುದಿಲ್ಲ, ಸೋಲಿಸಲು ಹೊರಟದ್ದೂ ಅಲ್ಲ. ನಿಜವಾದ ಲಾಭ ನಡುವಿನ ಊರುಗಳವರಿಗೆ ಸಿಕ್ಕಿದೆ. ನಾರ್ಮಲ್‌ನಿಂದ ಶಿಕಾಗೊ ನಗರದ ಹೃದಯಕ್ಕೆ ಎರಡು ಗಂಟೆಗೆ ಸ್ವಲ್ಪ ಮೇಲೆ. ವಾಹನ ನಿಲ್ಲಿಸುವ ತಾಪತ್ರಯವಿಲ್ಲ, ಚಳಿಗಾಲದಲ್ಲಿ 55ನೇ ಹೆದ್ದಾರಿಯ ಹಿಮದ ಚಿಂತೆಯಿಲ್ಲ. ವಿದ್ಯಾರ್ಥಿಗಳು, ಸ್ಪ್ರಿಂಗ್‌ಫೀಲ್ಡ್‌ನ ಸರ್ಕಾರಿ ಕಚೇರಿಗಳಿಗೆ ಓಡಾಡುವವರು, ಕಾರು ಓಡಿಸಲಾಗದ ಹಿರಿಯರು, ಇವರಿಗೆ ಈ ರೈಲನ್ನು ನಾನು ಹಿಂಜರಿಯದೆ ಸೂಚಿಸುತ್ತೇನೆ. ಸೇಂಟ್ ಲೂಯಿಸ್‌ನಲ್ಲಿ ಇಂತಿಷ್ಟು ಹೊತ್ತಿಗೆ ಸಭೆಯಿದೆ ಎನ್ನುವವರು ಮಾತ್ರ ಒಂದು ರೈಲು ಮುಂಚಿನದಕ್ಕೆ ಟಿಕೆಟ್ ತೆಗೆಯಲಿ. ಆಲ್ಟನ್ ದಾಟಿದ ಮೇಲಿನ 27 ಮೈಲಿಗೆ ವೇಳಾಪಟ್ಟಿ ಒಂದು ಗಂಟೆಯ ಹತ್ತಿರ ಹತ್ತಿರ ಎತ್ತಿಟ್ಟಿರುವುದು ಸುಮ್ಮನೆ ಅಲ್ಲ.